ಮಾವನ ಕಂಪ್ಯೂಟರ್ ಮಂದೆ

ಇಡೀ ಮಧುಗಿರಿಯಲ್ಲಿ ನಮ್ಮ ಸೋದರಮಾವನಷ್ಟು ಕಂಪ್ಯೂಟರುಗಳಿರುವ ಮನುಷ್ಯ ಇನ್ನೊಬ್ಬನಿಲ್ಲ! ಅವುಗಳಲ್ಲಿ ಒಂದರಿಂದಲೂ ಈ ಕಾಲದ ಒಂದು ಕೆಲಸವೂ ಆಗುವುದಿಲ್ಲ ಎನ್ನುವುದು ಬೇರೆ ಮಾತು. ಎಲ್ಲವೂ ಶಿರಾದ ಗುಜರಿಯಿಂದ ಬಂದ ಮುದಿ ಪೆಟ್ಟಿಗೆಗಳು. ಬೀದಿಯವರು ಹಪ್ಪಳ ಒಣಗಿಸಿದರೆ ನಮ್ಮ ಮಾವ ಜಗುಲಿಯ ಮೇಲೆ ಕಂಪ್ಯೂಟರು ಒಣಗಿಸುತ್ತಾನೆ! ಕೇಳಿದರೆ, "ಥಂಡಿ ಹಿಡ್ದಿರ್ತದೆ ಕಣವ್ವ, ಮೈ ಬೆಚ್ಚಗಾಗ್ದೆ ಓದಕಿಲ್ಲ" ಅನ್ನುತ್ತಾನೆ.

ಇಷ್ಟೆಲ್ಲ ಯಾಕೆ ಅಂತೀರಾ? ಒಂದೇ ಒಂದು ಸಿಡಿ ಡಿಸ್ಕು ಓದಿಸುವುದಕ್ಕೆ.

ಹಿಂದೆ ಮಾವನಿಗೆ ತತ್ವಪದ ಹಾಡುವ ಹುಚ್ಚಿತ್ತು. ಕಂಠ ಹೇಗಿತ್ತು ಎಂದು ಮಾತ್ರ ಕೇಳಬೇಡಿ, ನೆಂಟಸ್ತಿಕೆಯ ಪ್ರಶ್ನೆ. ಮನೆಯಲ್ಲೇ ಕಂಪ್ಯೂಟರಿಗೆ ಮೈಕು ಸಿಕ್ಕಿಸಿ, ಹಾಡಿ, ಡಿಸ್ಕಿಗೆ ಇಳಿಸಿ, ನೆಂಟರ ಮದುವೆಗಳಲ್ಲಿ ಉಡುಗೊರೆ ಕೊಡುತ್ತಿದ್ದ. ಇಳಿಸಿದ ಮೇಲೆ ಕೇಳಿ ನೋಡಿದರೆ, ಅವನು ಮೇಲಿನ ಸ್ವರಕ್ಕೆ ಏರುವ ಜಾಗದಲ್ಲೇ ಅಡುಗೆಮನೆಯಿಂದ ಅತ್ತೆಯ ಕೂಗು! ಹಾಗೆ ಕೆಟ್ಟ ಡಿಸ್ಕುಗಳಿಗೆ ದಾರ ಕಟ್ಟಿ ಹಿತ್ತಲ ಸೀಬೆಮರಕ್ಕೆ ನೇತುಹಾಕುತ್ತಿದ್ದ, ಗಿಳಿಗಳು ಹೆದರಲಿ ಅಂತ. ಗಿಳಿಗಳೇನೂ ಹೆದರಲಿಲ್ಲ. ಹಾಡೇ ಹಾಕಿದ್ದರೆ ಹೆದರುತ್ತಿದ್ದವೇನೋ!

ಎರಡು ವರ್ಷದ ಕೆಳಗೆ ಗಂಟಲಿನ ಆಪರೇಷನ್ ಆಗಿ ಅತ್ತೆಯ ದನಿ ಹೋಯಿತು. ಜೀವ ಉಳಿಯಿತಲ್ಲ, ಅದೇ ದೊಡ್ಡದು. ಈಗ ಊಟಕ್ಕೆ ಕರೆಯಬೇಕಾದರೆ ಸೌಟಿನಿಂದ ತಟ್ಟೆ ಬಡಿಯುತ್ತಾಳೆ. ಮೊಬೈಲಿನಲ್ಲಾದರೂ ಅವಳ ದನಿ ಉಳಿದಿರಬಾರದೇ? ಯಾರಾದರೂ ಮೊಬೈಲು ಎತ್ತಿ ಹಿಡಿದರೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದವಳು ಅವಳು! ಆಗ ಮಾವನಿಗೆ ನೆನಪಾದದ್ದು ಸೀಬೆಮರ. ಓಡಿಹೋಗಿ ನೋಡಿದರೆ ಬಿಸಿಲಿಗೆ ಡಿಸ್ಕುಗಳೆಲ್ಲ ಬಣ್ಣ ಹೋಗಿ ಸತ್ತಿದ್ದವು. ಅವತ್ತು ಅವನು ಊಟ ಮಾಡಲಿಲ್ಲ.

ಉಳಿದದ್ದು ಒಂದೇ. ಎಣ್ಣೆ ಸೋರಿ ಗೂಡು ಕೆಡಬಾರದೆಂದು ಅತ್ತೆ ಉಪ್ಪಿನಕಾಯಿ ಜಾಡಿಯ ಅಡಿಗೆ ಇಟ್ಟುಕೊಂಡಿದ್ದ, ಅಂಥದ್ದೇ ಒಂದು ಕೆಟ್ಟ ಡಿಸ್ಕು. ಮಾವ ಅದನ್ನು ತೊಳೆದು ನನ್ನ ಹತ್ತಿರ ತಂದ.

"ಮಾವ, ನನ್ನ ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕೋ ಬಾಯೇ ಇಲ್ಲ."

"ಬಾಯೇ ಇಲ್ದಿದ್ದನ್ನ ಯಾಕವ್ವಾ ಕೊಂಡ್ಕಂಡೆ?"

ಕಂಪ್ಯೂಟರ್ ಅಂಗಡಿಯವನೂ ಹಾಕಿ ನೋಡಿ, ಓದುತ್ತಿಲ್ಲ ಎಂದು ಕೈ ಅಲ್ಲಾಡಿಸಿದ. ಮಾವ ಬಿಡುವನೇ? ನಮ್ಮದು ಕುರಿ ಕಾದ ಮನೆತನ. ತಬ್ಬಲಿ ಮರಿ ಉಳಿಸಬೇಕಾದರೆ ನಮ್ಮ ತಾತ ಅದನ್ನು ಒಂದೊಂದೇ ಕುರಿಯ ಕೆಚ್ಚಲಿಗೆ ಹಿಡಿಯುತ್ತಿದ್ದನಂತೆ. ಒಂದು ಒದೆಯುತ್ತದೆ, ಒಂದು ಮೂಸಿ ತಿರುಗುತ್ತದೆ, ಕೊನೆಗೊಂದು ಒಪ್ಪುತ್ತದೆ.

"ಇದೂ ಅಂಗೇ ಕಣವ್ವ. ಇದನ್ನ ಹೆತ್ತ ಪೆಟ್ಗೆ ಯಾವತ್ತೋ ಗುಜರಿಗೆ ಹೋಯ್ತು. ಇನ್ನೊಂದ್ ತಾಯಿ ಹುಡುಕ್ಬೇಕು" ಅಂದ.

ಹಾಗೆ ಮಂದೆ ಬೆಳೆಯಿತು. ಒಂದು ಪೆಟ್ಟಿಗೆ ಡಿಸ್ಕನ್ನು ಕೂಡಲೇ ಉಗುಳಿತು. ಇನ್ನೊಂದು ಗರಗರ ಎಂದು ರೇಗಿತು. ಮಾವ ಅದರ ಬೆನ್ನು ಸವರಿ ಸಮಾಧಾನ ಮಾಡುತ್ತಾ ಕೂರುತ್ತಿದ್ದ. ಹೋದ ತಿಂಗಳು ಮತ್ತೊಂದು ತರಲು ಶಿರಾಕ್ಕೆ ಹೊರಟಾಗ ನಾನೂ ಜೊತೆಗಿದ್ದೆ.

"ಮಾಮು, ಇದು ಖಲಾಸ್ ಆಗಿರೋ ಮಾಲು" ಅಂದ ಗುಜರಿಯವನು, ಪಾಪ, ಪ್ರಾಮಾಣಿಕ.

"ನಾನೂ ಅಂಗೇ ಕಣಪ್ಪ. ಜೋಡಿ ಸರಿಹೋಯ್ತದೆ."

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೂತ. ಕಂಡಕ್ಟರು, "ಯಜಮಾನ್ರೇ, ಲಗೇಜು ಕೆಳಗಿಡಿ" ಅಂದರೆ, "ಕುಲುಕ್ತದೆ ಕಣಪ್ಪ. ಗಬ್ಬದ ಕುರಿ ಅನ್ಕಂಡು ಬುಟ್ಬುಡು!" ಅಂದ. ನಾನು ಕಿಟಕಿಯ ಕಡೆ ತಿರುಗಿ, ಇವನು ಯಾರೋ ಗೊತ್ತಿಲ್ಲ ಎಂಬಂತೆ ಕೂತೆ.

ಕಳೆದ ಭಾನುವಾರ ಮಧ್ಯಾಹ್ನ. ಊಟ ಮುಗಿದು, ಪಾತ್ರೆ ತೊಳೆದು ಕವುಚಿಯಾಗಿತ್ತು. ಮಾವ ಹಳೆಯ ಪಂಚೆಯ ಚೂರಿನಿಂದ ಡಿಸ್ಕು ಒರೆಸಿ ಹೊಸ ತಾಯಿಯ ಬಾಯಿಗಿಟ್ಟ. ಅದು ತಿರುಗಿತು, ನಿಂತಿತು, ಮತ್ತೆ ತಿರುಗಿತು. "ಹೋಗ್ಲಿ ಬಿಡು ಮಾವ" ಎನ್ನಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮಾವನ ತತ್ವಪದ ಶುರುವಾಗಿ, ಅಯ್ಯೋ ಶಿವನೇ, ಮೇಲಿನ ಸ್ವರಕ್ಕೆ ಏರತೊಡಗಿತು. ಹಿಂದೆಯೇ ಬಂತು ಅತ್ತೆಯ ಕೂಗು:

"ಏನೂಂದ್ರೇ! ಊಟಕ್ಕೆ ಬತ್ತೀರೋ, ಮುದ್ದೆ ನಾಯಿಗೆ ಹಾಕ್ಲೋ?"

"ಬಂದೆ ಕಣಮ್ಮಿ, ಇರು!" ಎಂದು ಮಾವ ಎದ್ದೇಬಿಟ್ಟ.

ಬಚ್ಚಲಿಗೆ ಹೋಗಿ ಕೈ ತೊಳೆಯಲೂ ಶುರು ಮಾಡಿದ. ಆಮೇಲೆ ಎಚ್ಚರವಾಯಿತೇನೋ, ತಂಬಿಗೆ ಹಿಡಿದು ಅಲ್ಲೇ ನಿಂತುಬಿಟ್ಟ. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ತನ್ನದೇ ದನಿ ಕೇಳಿಸಿಕೊಳ್ಳುತ್ತಾ ನಿಂತಿದ್ದಳು. ಈ ಸಲ ಸೆರಗು ಹೋದದ್ದು ಕಣ್ಣಿಗೆ. ತಂಬಿಗೆ ಹಿಡಿದು ನಿಂತ ಗಂಡನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಒಳಗೆ ಹೋಗಿ, ಹೊತ್ತಲ್ಲದ ಹೊತ್ತಿನಲ್ಲಿ, ಮುದ್ದೆಗೆ ಎಸರಿಟ್ಟಳು.