ಹೋರಿಗೊಂದು ಕಾನೂನು, ನನಗೊಂದು

ಯಳಂದೂರು ತಾಲ್ಲೂಕಿನಲ್ಲಿ ಯೆಹೂದ್ಯರ ಧರ್ಮಶಾಸ್ತ್ರ ಪಾಲಿಸುವ ಏಕೈಕ ಶಿವಭಕ್ತ ಯಾರೆಂದು ಕೇಳಿದರೆ, ಅದು ನಮ್ಮ ಮಾವನವರೇ! ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಯೆಹೂದ್ಯರ ದೇಶ ಎಲ್ಲಿದೆ ಎಂದರೆ ಇಲ್ಲೇ ಹತ್ತಿರದ ಸತ್ತೇಗಾಲದ ಕಡೆಗೆ ಕೈ ತೋರಿಸುತ್ತಾರೆ.

ಅವರು ಪಶು ಆಸ್ಪತ್ರೆಯಲ್ಲಿ ಅಟೆಂಡರ್ ಆಗಿದ್ದವರು. ಇಕ್ಕಳ ಹಿಡಿದು ಹೋರಿಗಳ ಬೀಜ ಒಡೆಯುವುದರಲ್ಲಿ ಹೆಸರುವಾಸಿ. ರಿಟೈರ್ ಆದ ಮೇಲೂ ಊರೂರಿನಿಂದ ಕರೆ ಬರುತ್ತಿತ್ತು. ಕೆಲಸ ಮುಗಿದೊಡನೆ ಹೋರಿಯ ಬಾಯಿಗೆ ಒಂದು ಉಂಡೆ ಬೆಲ್ಲ ಇಟ್ಟು, "ತಪ್ಪಾಯ್ತು ಕಣಪ್ಪ" ಎನ್ನುವುದು ಅವರ ಪದ್ಧತಿ.

ಬಿಳಿಗಿರಿರಂಗನ ಬೆಟ್ಟದ ಹಕ್ಕಿಗಳ ಬಗ್ಗೆ ಓದಲು ಬಂದ ಯೆಹೂದಿ ಹುಡುಗನೊಬ್ಬ ನಮ್ಮ ಮನೆಯಲ್ಲಿ ಬಾಡಿಗೆಗಿದ್ದ. ಕನ್ನಡವನ್ನೂ ಕಲಿತಿದ್ದ. ಒಂದು ದಿನ ಮಾವ ಹೋರಿಯ ಹಗ್ಗ ಹಿಡಿಯಲು ಕರೆದರೆ ಕೈ ಹಿಂದಕ್ಕೆ ಕಟ್ಟಿಕೊಂಡ. ಮನುಷ್ಯನಿಗಾಗಲಿ ಪ್ರಾಣಿಗಾಗಲಿ ಬೀಜ ಒಡೆಯುವುದು ಅವರ ಧರ್ಮದಲ್ಲಿ ನಿಷಿದ್ಧವಂತೆ. ಬೇರೆಯವರ ಕೈಲಿ ಮಾಡಿಸುವಂತೆಯೂ ಇಲ್ಲವಂತೆ. ಅಂದೇ ಮಾವ ಇಕ್ಕಳವನ್ನು ಅಟ್ಟಕ್ಕೆ ಹಾಕಿದರು.

ಆಮೇಲೆ ನಮ್ಮ ಹೋರಿ ನೊಗ ಮುರಿಯಿತು, ಪಕ್ಕದ ಹೊಲದ ಬೇಲಿ ಮುರಿಯಿತು, ಹನೂರು ಸಂತೆಗೆ ಹೊಡೆದುಕೊಂಡು ಹೋದರೆ ಟೊಮೆಟೊ ರಾಶಿಗೇ ನುಗ್ಗಿತು.

"ಬೀಜ ಒಡಸ್ಬುಡಿ ಸಾ," ಎಂದ ಪಕ್ಕದ ಹೊಲದವನು.

"ಯೆಹೂದ್ಯರ ಕಾನೂನಲ್ಲಿ ಇಲ್ಲ ಕಣ್ಲಾ."

"ಅವ್ರು ಬಂದು ನನ್ ಬೇಲಿ ಕಟ್ಕೊಟ್ಟಾರಾ?"

ಇಲ್ಲಿಯವರೆಗೆ ನಾನೂ ನಗುತ್ತಿದ್ದೆ. ಆಮೇಲೆ ನನ್ನ ಎರಡನೇ ಹೆರಿಗೆಯಲ್ಲಿ ಸತ್ತು ಬದುಕಿದೆ. ಕೊಳ್ಳೇಗಾಲದ ಡಾಕ್ಟರಮ್ಮ, "ಇನ್ನೊಂದು ಬಸಿರು ನಿಂತರೆ ನಿನ್ನ ಜೀವಕ್ಕೇ ಅಪಾಯ. ಮಕ್ಕಳಾಗದಂತೆ ಮಾಡೋ ಆಪರೇಷನ್ ತಡೆಯೋ ಶಕ್ತಿ ನಿನಗಿಲ್ಲ. ಗಂಡನಿಗೇ ಮಾಡಿಸು, ಅದು ಸುಲಭ" ಎಂದರು.

ಮಾವ ಊಟಕ್ಕೆ ಕೂತಲ್ಲೇ ತೀರ್ಪು ಕೊಟ್ಟರು. "ಗಂಡಸ್ಗೆ ಆ ಧರ್ಮದಲ್ಲಿ ಸುತರಾಂ ಕೂಡದು. ಎಂಗಸ್ರಿಗೆ ಒಸಿ ಸಡ್ಲ ಅದೆ ಅಂದಿದ್ದ ಆ ಉಡ್ಗ, ನೀನೇ ಮಾಡ್ಸ್ಕೊ."

ನನ್ನ ಮೈಯೆಲ್ಲ ಉರಿದುಹೋಯಿತು. ಅಷ್ಟು ದೊಡ್ಡ ಶಾಸ್ತ್ರದಲ್ಲಿ ಇವರಿಗೆ ಸಿಕ್ಕಿದ್ದು ಇದೊಂದೇ ಸಾಲೇ? ಗಂಡ ಎನಿಸಿಕೊಂಡವರು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಓರಿ ಮೇಲಿರೋ ಕನಿಕರ ನನ್ ಮೇಲಿಲ್ವಾ ಮಾವ? ಆ ಉಡ್ಗನ್ನೇ ಕೇಳಿ," ಎಂದು, ಓದು ಮುಗಿಸಿ ತನ್ನ ದೇಶಕ್ಕೆ ಮರಳಿದ್ದ ಅವನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

ಹುಡುಗ ಎಲ್ಲ ಕೇಳಿಸಿಕೊಂಡ. "ತಾತ, ಇಂಥದ್ದಕ್ಕೆ ನಾವು ನಮ್ಮ ಗುರುಗಳನ್ನ ಕೇಳ್ತೀವಿ. ಆದ್ರೆ ಜೀವಕ್ಕೆ ಅಪಾಯ ಅಂದ್ರೆ ಹೆಚ್ಚುಕಮ್ಮಿ ಎಲ್ಲಾ ಕಾನೂನೂ ಪಕ್ಕಕ್ಕೆ ಸರಿಯುತ್ತೆ. ಮೊದಲು ಅಕ್ಕ ಬದುಕಬೇಕು." ಆಮೇಲೆ ಕೇಳಿದ. "ಅಲ್ಲಾ, ನೀವು ಯಾವಾಗ ಯೆಹೂದಿ ಆದ್ರಿ?"

ಮಾವ ಅರ್ಧ ಊಟಕ್ಕೇ ಎದ್ದು ಕೈ ತೊಳೆದರು. ಮಾರನೆಯ ಬೆಳಿಗ್ಗೆ ಮಗನ ತೋಳು ಹಿಡಿದು ಕೊಳ್ಳೇಗಾಲದ ಬಸ್ ಹತ್ತಿಸಿದರು. ನಾನೂ ಹೋದೆ. ಅಪ್ಪ ಮಗ ಇಬ್ಬರ ಜೊತೆಗೂ ಮಾತು ಬಿಟ್ಟಿದ್ದೆ.

ಆಪರೇಷನ್ ಮುಗಿಸಿಕೊಂಡು ಮಗ ಹೊರಬಂದಾಗ ಮಾವ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಬೆಲ್ಲ. ಮಗನ ಬಾಯಿಗಿಡುತ್ತಾರೆಂದು ಸಿಟ್ಟಿನಿಂದ ಮುಖ ತಿರುಗಿಸಿದೆ. ಅವರು ಮಗನನ್ನು ದಾಟಿ ಬಂದು ನನ್ನ ಮುಂದೆ ನಿಂತರು. ಬೆಲ್ಲವನ್ನು ನನ್ನತ್ತ ಚಾಚಿದರು.

"ತಪ್ಪಾಯ್ತು ಕಣವ್ವ," ಎಂದರು.