ಅರ್ಜಿಯಲ್ಲಿ ಜಾರಿಬಿದ್ದ ಅಪ್ಪ

ಈ ಸಲ ಊರಿಗೆ ಹೋದಾಗ ಮೂರು ಜಾಗ ತೋರಿಸದೆ ತುಮಕೂರಿನ ಮನೆಗೆ ವಾಪಸ್ ಕರೆತಂದರೆ ನನ್ನ ಹೆಸರು ಮೋಹನ್ ಕುಮಾರನೇ ಅಲ್ಲ ಎಂದು ಮೋಹನ್ ಕುಮಾರ್ ಹೆಂಡತಿಗೆ ಮಾತು ಕೊಟ್ಟಿದ್ದ. ಮದುವೆಯಾಗಿ ಹನ್ನೊಂದು ವರ್ಷವಾದರೂ ನಯನ ಗಂಡನ ಊರು ಹಂದನಕೆರೆಯಲ್ಲಿ ನೋಡಿದ್ದೆಂದರೆ ಅತ್ತೆಯ ಅಡುಗೆಮನೆ ಒಂದೇ. ಅರಳಗುಪ್ಪೆಯ ದೇವಸ್ಥಾನ, ನೊಣವಿನಕೆರೆಯ ಕೆರೆ, ತುರುವೇಕೆರೆಯ ನಂದಿ ಎಂದು ಅವನ ದಿಗ್ವಿಜಯದ ನಕ್ಷೆ ಸಿದ್ಧವಾಯಿತು.

ತೊಡಕಾದದ್ದು ರಜೆ. ಅವನು ಪಾಠ ಮಾಡುವ ಕಾಲೇಜಿನಲ್ಲಿ ಪರೀಕ್ಷೆಯ ಗಡಿಬಿಡಿ. ಹಾಗಾಗಿ ಅರ್ಜಿಯಲ್ಲಿ ತಂದೆ ಗಂಗಾಧರಯ್ಯನವರನ್ನು ಬಚ್ಚಲಲ್ಲಿ ಜಾರಿಸಿ, ಬಲಗಾಲಿಗೆ ಪೆಟ್ಟು ಮಾಡಿ, ಹಾಸಿಗೆ ಹಿಡಿಸಿದ. ಪ್ರಾಂಶುಪಾಲೆ ಪುಷ್ಪಲತಾ ಮರುಗುತ್ತಲೇ ಸಹಿ ಹಾಕಿದರು.

ಎಂಬತ್ತರ ಗಂಗಾಧರಯ್ಯನವರು ಗುಂಡುಕಲ್ಲಿನ ಹಾಗಿದ್ದರು. ಒಂದು ರಾತ್ರಿ ಅವರ ಜೊತೆಗಿದ್ದು, ಬೆಳಗ್ಗೆ ಗಂಡ ಹೆಂಡತಿ ಕಾರು ಹತ್ತಿದರು. ಅರಳಗುಪ್ಪೆಯಲ್ಲಿ ಮೋಹನ ಚಾವಣಿಯ ಶಿವನನ್ನು ತೋರಿಸಲು ಕತ್ತೆತ್ತಿದ್ದನಷ್ಟೇ, ಫೋನ್ ಬಂತು. ಪುಷ್ಪಲತಾ ಮೇಡಂ ಚಿಕ್ಕನಾಯಕನಹಳ್ಳಿಗೆ ಮದುವೆಗೆ ಬಂದಿದ್ದರಂತೆ. ಊಟ ಮುಗಿಸಿ ಅವನ ತಂದೆಯವರನ್ನು ನೋಡಿಕೊಂಡೇ ಹೋಗುತ್ತಾರಂತೆ. ಮನೆಯ ಗುರುತನ್ನೂ ಕೇಳಿಕೊಂಡಾಗಿತ್ತು. ಮೋಹನನ ಕತ್ತು ಎತ್ತಿದಂತೆಯೇ ಉಳಿಯಿತು.

ಶಿವನನ್ನು ಅಲ್ಲೇ ಬಿಟ್ಟು ಕಾರು ಹಿಂದಕ್ಕೆ ಓಡಿತು. ತಾಯಿ ಪುಟ್ಟಗೌರಮ್ಮ ಹಳೇ ಪಂಚೆ ಹರಿದು, ಅರಿಸಿನ ಮೆತ್ತಿ, ಗಂಡನ ಬಲಗಾಲಿಗೆ ಸುತ್ತಿದರು.

"ನೆಟ್ಟಗಿರೋ ಕಾಲ್ಗೆ ಯಾಕ್ಲಾ ಪಟ್ಟಿ?" ಎಂದರು ಗಂಗಾಧರಯ್ಯ.

ಕೆಲಸಕ್ಕೇ ಸಂಚಕಾರ ಬರುತ್ತದೆ ಎಂದು ಮಗ ಕೈ ಮುಗಿದ. ಏಳಬೇಡಿ, ಮಾತಾಡಬೇಡಿ, ನರಳಿದರೆ ಸಾಕು ಎಂದು ಬೇಡಿಕೊಂಡ. ಮುದುಕರು ಬೈದುಕೊಂಡೇ ಮಲಗಿದರು.

ಮೇಡಂ ಕಿತ್ತಳೆ ಹಣ್ಣು ಹಿಡಿದು ಬಂದರು. ಗಂಗಾಧರಯ್ಯ ಎಂಥ ಸೊಗಸಾಗಿ ನರಳಿದರೆಂದರೆ, ಪುಟ್ಟಗೌರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋಗಬೇಕಾಯಿತು. ಅದನ್ನು ಅಳುವೆಂದುಕೊಂಡ ಮೇಡಂ ಬೇಕಾದರೆ ಇನ್ನೊಂದು ವಾರ ರಜೆ ತೆಗೆದುಕೊಳ್ಳಿ ಎಂದುಬಿಟ್ಟರು. ಮೋಹನನ ತಲೆಯೊಳಗೆ ನಕ್ಷೆ ಬೇಲೂರಿನವರೆಗೂ ಬೆಳೆಯಿತು.

ಕೆಟ್ಟದ್ದು ಕಾಫಿಯಿಂದ. ಮೇಡಂ ಕಾಫಿ ಬೇಡವೆಂದರು, ಮಜ್ಜಿಗೆಯೂ ಬೇಡವೆಂದರು, ಒಂದು ಲೋಟ ನೀರು ಸಾಕು ಎಂದರು. ನರಳಾಟ ತಟ್ಟನೆ ನಿಂತಿತು.

"ತೆಂಗಿನ್ ತ್ವಾಟ ಇಟ್ಕಂಡು, ಮನೇಗ್ ಬಂದೋರ್ಗೆ ಬರೀ ನೀರು ಕೊಡಾದಾ?" ಎಂದು ಗಂಗಾಧರಯ್ಯ ಹೊದಿಕೆ ಒದ್ದು ಎದ್ದರು. ಮಚ್ಚು ಹಿಡಿದು ಹಿತ್ತಲಿಗೆ ನುಗ್ಗಿದರು. ಬಿಚ್ಚಿಕೊಂಡ ಪಟ್ಟಿ ಬಾಲದಂತೆ ಹಿಂದೆ ಹರಿಯಿತು. ಗಿಡ್ಡ ಮರದಿಂದ ನಾಲ್ಕು ಎಳನೀರು ಕಿತ್ತು, ಕೆತ್ತಿ, ಮೇಡಂ ಕೈಗೆ ಒಂದನ್ನು ಕೊಟ್ಟ ಮೇಲಷ್ಟೇ ಅವರಿಗೆ ತಾನು ರೋಗಿ ಎಂಬುದು ನೆನಪಾಯಿತು. ಕೂಡಲೇ ಕುಂಟತೊಡಗಿದರು, ಎಡಗಾಲು ಎಳೆದುಕೊಂಡು.

ಮೇಡಂ ಎಳನೀರನ್ನು ತಳ ಕಾಣುವವರೆಗೆ ಕುಡಿದರು. ಆಮೇಲೆ ರಜೆ ಹಾಕಿ ನಿಜವಾಗಿ ಎಲ್ಲಿಗೆ ಹೊರಟಿದ್ದಿರಿ ಎಂದು ನಯನಳನ್ನು ಕೇಳಿದರು. ಸುಳ್ಳು ಹೇಳಲು ಬಾರದ ನಯನ ಮೂರು ಜಾಗದ ಹೆಸರನ್ನೂ ಒಪ್ಪಿಸಿದಳು.

"ನಾನೂ ತುರುವೇಕೆರೆ ನಂದಿ ನೋಡಿಲ್ಲ. ಬನ್ನಿ, ನನ್ನ ಕಾರಲ್ಲೇ ಹೋಗೋಣ. ಅಮ್ಮನೂ ಬರಲಿ" ಎಂದರು ಮೇಡಂ.

ಬದುಕಿದೆ ಎಂದುಕೊಂಡು ಮೋಹನ ಚಪ್ಪಲಿಗೆ ಕಾಲು ಚಾಚಿದ.

"ನೀವೆಲ್ಲಿಗೆ ಮೋಹನ್? ರಜೆ ತಗೊಂಡಿರೋದು ತಂದೆಯವರನ್ನ ನೋಡ್ಕೊಳ್ಳೋಕೆ ಅಲ್ವಾ?"

ಹೆಂಗಸರು ಮೂವರೂ ಹೊರಟರು. ನಯನ ಕಿಟಕಿಯಿಂದ ಕೈ ಬೀಸಿದಳು. ಕಾರಿನ ಧೂಳು ಇಳಿದ ಮೇಲೆ ಗಂಗಾಧರಯ್ಯ ಮಗನನ್ನು ಹಿತ್ತಲಿಗೆ ಕರೆದೊಯ್ದು, ಆಳೆತ್ತರಕ್ಕೆ ಬಿದ್ದಿದ್ದ ತೆಂಗಿನಕಾಯಿ ರಾಶಿ ತೋರಿಸಿದರು. ತಾವು ನೆರಳಿನಲ್ಲಿ ಮಂಚ ಹಾಕಿಸಿಕೊಂಡು, ಪಟ್ಟಿ ಸರಿಯಾಗಿ ಸುತ್ತಿಕೊಂಡು, ಕಾಲು ನೀಡಿದರು.

"ಇವತ್ತು ಸುಲೀಬೇಕು ಅಂತಿದ್ದೆ ಕಣಪ್ಪ. ಏನ್ ಮಾಡ್ಲಿ, ಬಚ್ಚಲಲ್ಲಿ ಬಿದ್ಬುಟ್ಟಿದೀನಿ. ನೀನೇ ಸುಲಿ."