ಮಾವನಿಗೆ ಊರು ತೋರಿಸಿದ್ದು

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ ಎಂದು ಶುರುವಾಗಬೇಕಾದ ಕತೆ ಇದು. ಆದರೆ ಕೀಲುಂಗ್ ಬಂದರಿನಲ್ಲಿ ಈಗ ರಾಜರಿಲ್ಲ. ಹಡಗುಗಳಿವೆ, ಹದ್ದುಗಳಿವೆ, ವರ್ಷದ ಮುಕ್ಕಾಲು ಪಾಲು ಮಳೆಯಿದೆ, ಕಾಲುವೆಯ ಪಕ್ಕದ ಬೀದಿಯಲ್ಲಿ ಬೆಳಗ್ಗೆ ಬಿಸಿ ಸೋಯಾ ಹಾಲು, ರೊಟ್ಟಿ ಮಾರುವ ಆ-ಕುನ್ ಇದ್ದಾನೆ. ಹಳೆಯ ಕಾಲದ ರಾಜರ ಹಾಗೆಯೇ ಅವನೂ ಒಂದು ಮಾತು ಕೊಟ್ಟು ಕೆಟ್ಟ.

ಮಾತು ಕೊಟ್ಟದ್ದು ಹೆಂಡತಿಯ ಅಪ್ಪನಿಗೆ. ಮಾವ ಆಯುಷ್ಯವಿಡೀ ಬಂದರಿನಲ್ಲಿ ಮೂಟೆ ಇಳಿಸಿದವನು. ಮುಪ್ಪಿನಲ್ಲಿ ಕಾಲುಗಳು ಕೈಕೊಟ್ಟ ಮೇಲೆ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ಪ್ರವಾಸಿಗಳನ್ನು ಹೊತ್ತ ಮಾಳಿಗೆ ಬಸ್ಸು ದಿನಾ ಅವನ ಕಣ್ಣೆದುರಿಗೇ ಹಾದುಹೋಗುತ್ತಿತ್ತು. "ಎಲ್ಲೆಲ್ಲಿಂದಲೋ ಬಂದೋರು ನಮ್ಮೂರು ನೋಡ್ತಾರೆ. ನಾನು ಕಂಡಿದ್ದು ಮುಂದಿನವನ ಬೆನ್ನ ಮೇಲಿನ ಮೂಟೆ ಮಾತ್ರ," ಎನ್ನುತ್ತಿದ್ದ. ಆ-ಕುನ್ ಹಿಟ್ಟು ಲಟ್ಟಿಸುತ್ತಲೇ, ತಲೆಯೆತ್ತದೆ, "ಮುಂದಿನ ಭಾನುವಾರ ಕರ್ಕೊಂಡು ಹೋಗ್ತೀನಿ ಮಾವ" ಎನ್ನುತ್ತಿದ್ದ. ಮುಂದಿನ ಭಾನುವಾರಗಳು ಒಂದರ ಬಾಲ ಹಿಡಿದು ಇನ್ನೊಂದು ಬಂದು ಹೋದವು. ಕೊನೆಗೆ ಮಾವನೂ ಹೋದ.

ಅಲ್ಲಿಗೆ ಮಾತೂ ಮುಗಿಯಿತು ಎಂದುಕೊಂಡಿದ್ದ ಆ-ಕುನ್. ಮುಗಿಯಲಿಲ್ಲ. ಹೆಂಡತಿ ಪಾವ್-ಗ್ವೇಯ ಕನಸಿನಲ್ಲಿ ಮಾವ ಹೊಸ ಅಂಗಿ ತೊಟ್ಟು ಬಸ್ ನಿಲ್ದಾಣದಲ್ಲಿ ನಿಂತಿರುತ್ತಿದ್ದನಂತೆ. ಬೈಗುಳವಿಲ್ಲ, ದೂರಿಲ್ಲ. ಬಸ್ಸು ಬರುವ ದಿಕ್ಕನ್ನು ನೋಡುವುದು, ನಿಟ್ಟುಸಿರು ಬಿಡುವುದು, ಅಷ್ಟೆ. ಅದನ್ನು ನೋಡಿ ಎದ್ದ ಮಗಳು ಬೆಳಗ್ಗೆ ಗಂಡನಿಗೆ ಕೊಡುವ ನೋಟದಲ್ಲಿ ಸೋಯಾ ಹಾಲು ಒಡೆದು ಮೊಸರಾಗುತ್ತಿತ್ತು.

ಆ-ಕುನ್‌ಗೆ ಈ ಜಗತ್ತಿನಲ್ಲಿ ಬೇಕಾಗಿದ್ದುದು ಒಂದೇ. ಭಾನುವಾರ ಅಂಗಡಿಗೆ ಬಾಗಿಲೆಳೆದು, ಅಲೆ ತಡೆಯುವ ಗೋಡೆಯ ಮೇಲೆ ಗಾಳ ಬಿಟ್ಟುಕೊಂಡು, ಯಾರ ಜೊತೆಯೂ ಮಾತಾಡದೆ ಸಂಜೆಯವರೆಗೆ ಕೂರುವುದು. ಆದರೆ ಆ ಮನೆಯಲ್ಲಿ ಯಾವ ತೀರ್ಮಾನವೂ ಸತ್ತ ಹಿರಿಯರ ಪೀಠದ ಮುಂದೆಯೇ ಆಗಬೇಕು. ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ಪಾವ್-ಗ್ವೇ ನೆಲಕ್ಕೆ ಚೆಲ್ಲುತ್ತಾಳೆ. ಒಂದು ಅಂಗಾತ, ಒಂದು ಬೋರಲು ಬಿದ್ದರೆ ಹೌದು. ಎರಡೂ ಬೋರಲಾದರೆ ಇಲ್ಲ. ಎರಡೂ ಅಂಗಾತವಾದರೆ ಹಿರಿಯರು ನಗುತ್ತಿದ್ದಾರೆ ಎಂದರ್ಥ. ಗಾಳದ ಮಾತೆತ್ತಿದಾಗಲೆಲ್ಲ ಮಾವ ಬೋರಲು. ಒಮ್ಮೊಮ್ಮೆ ನಗು.

"ಕೊಟ್ಟ ಮಾತು ತೀರಿಸೋ ತನಕ ಆತ ಯಾವುದಕ್ಕೂ ಹೂಂ ಅನ್ನಲ್ಲ ಕಣೋ," ಎಂದಳು ಪಕ್ಕದ ಅಂಗಡಿಯ ಲಾಯ್ ಅಜ್ಜಿ. ಊದುಬತ್ತಿ, ಸತ್ತವರಿಗೆ ಸುಡುವ ಕಾಗದದ ಸಾಮಾನು ಮಾರುವವಳು. ಸತ್ತವರ ವ್ಯವಹಾರದಲ್ಲಿ ಇಡೀ ಬೀದಿಗೆ ಅವಳೇ ವಕೀಲೆ. ವಿಧಿವಿಧಾನಗಳನ್ನೂ ಅವಳೇ ಹೇಳಿದಳು. ಮಾವನ ಧೂಪದ ಬಟ್ಟಲಿಂದ ಒಂದು ಚಿಟಿಕೆ ಬೂದಿ ತೆಗೆದು ಕೆಂಪು ಚೀಲದಲ್ಲಿ ಕಟ್ಟಿ ಎದೆಗೆ ನೇತುಹಾಕಿಕೊಳ್ಳಬೇಕು. ಸತ್ತವರಿಗೆ ಬಿಸಿಲಾಗದು, ಆದ್ದರಿಂದ ಕಪ್ಪು ಛತ್ರಿ ಹಿಡಿಯಬೇಕು. ಬಸ್ಸಿನಲ್ಲಿ ಅವನಿಗೇ ಬೇರೆ ಸೀಟು ಹಿಡಿಯಬೇಕು. ಹತ್ತುವಾಗ, ಇಳಿಯುವಾಗ, ತಿರುವಿನಲ್ಲಿ ಬಾಯಿಬಿಟ್ಟು ಹೇಳಬೇಕು. ಮುಖ್ಯವಾಗಿ ಸೇತುವೆಗಳಲ್ಲಿ.

"ಕರೀದೇ ಇದ್ರೆ ಸತ್ತೋರು ಸೇತುವೆ ದಾಟಲ್ಲ. ಈಚೆ ದಡದಲ್ಲೇ ನಿಂತುಬಿಡ್ತಾರೆ. ಕರೆಯೋವಾಗ ಹೆಸರು, ಮನೆ, ಬೀದಿ, ಎಲ್ಲಾ ಬಿಡಿಸಿ ಹೇಳು. ಕೇಳಿಸ್ತಾ ಇದೆಯೇನೋ?"

ಆ-ಕುನ್ ಹೂಂಗುಟ್ಟಿದ. ಅವನ ಕಣ್ಣು ಮೂಲೆಯಲ್ಲಿ ಒರಗಿದ್ದ ಗಾಳದ ಕೋಲಿನ ಮೇಲಿತ್ತು.

ಭಾನುವಾರ ಬಂತು. ಮಳೆಯ ಊರಿನಲ್ಲಿ ಅಂದು ಕಣ್ಣು ಕುಕ್ಕುವ ಬಿಸಿಲು. ಬಸ್ಸಿನ ಬಯಲು ಮಾಳಿಗೆಯ ಮೇಲೆ ಆ-ಕುನ್ ಕಪ್ಪು ಛತ್ರಿ ಬಿಚ್ಚಿ ಕೂತಾಗ, ಮದುವೆ ಊಟದ ಪಂಕ್ತಿಯಲ್ಲಿ ಕಾಗೆ ಕೂತಂತಿತ್ತು. ಪಕ್ಕದ ಸೀಟು ಖಾಲಿ. ಮೇಲೆ ಒಂದು ಟಿಕೇಟು ಮಾತ್ರ ಇತ್ತು. ದಕ್ಷಿಣದ ತೈನಾನ್ ಊರಿನ ಕಡೆಯ ದಪ್ಪ ಹೆಂಗಸು ಆ-ಮಾನ್ ಏದುಸಿರು ಬಿಡುತ್ತ ಬಂದು, ಟಿಕೇಟು ಎತ್ತು ತಮ್ಮಾ, ಕೂರುತ್ತೇನೆ ಎಂದಳು.

"ಅಲ್ಲಿ ನಮ್ಮ ಮಾವ ಕೂತಿದ್ದಾರೆ," ಎಂದ ಆ-ಕುನ್, ಕತ್ತು ಹುದುಗಿಸಿಕೊಂಡು.

ಆ-ಮಾನ್ ಸೀಟು ನೋಡಿದಳು, ಛತ್ರಿ ನೋಡಿದಳು, ಎದೆಯ ಮೇಲಿನ ಕೆಂಪು ಚೀಲ ನೋಡಿದಳು. ತಕ್ಷಣ ಸೀಟಿಗೆ ಕೈಮುಗಿದಳು. "ಮುಂಚೇನೇ ಹೇಳಬಾರದೇನಪ್ಪ? ಇನ್ನೇನು ಯಜಮಾನರ ತೊಡೆ ಮೇಲೇ ಕೂತುಬಿಡ್ತಿದ್ದೆ."

ಸುದ್ದಿ ಬಸ್ಸಿನ ಮುಂದಿನಿಂದ ಹಿಂದಿನವರೆಗೆ ಹರಿಯಲು ಎಂಜಿನ್ ಬಿಸಿಯಾಗುವಷ್ಟು ಹೊತ್ತೂ ಹಿಡಿಯಲಿಲ್ಲ. ಯಾರೂ ನಗಲಿಲ್ಲ. ನಕ್ಕಿದ್ದರೆ ಆ-ಕುನ್‌ಗೆ ಎಷ್ಟೋ ಸುಖವಾಗುತ್ತಿತ್ತು. ಎಲ್ಲರೂ ಸಲಹೆ ಕೊಡತೊಡಗಿದರು. ಹೋದವರಿಗೆ ವಾಂತಿಯ ಕಾಟವಿತ್ತೇ ಎಂದು ಒಬ್ಬರು ವಿಚಾರಿಸಿದರು. ಗಾಳಿಗೆ ಬೂದಿ ಹಾರಿದರೆ ಮನುಷ್ಯ ಅರ್ಧ ಬಂದರಿನಲ್ಲಿ, ಅರ್ಧ ಬೆಟ್ಟದಲ್ಲಿ ಆಗುತ್ತಾನೆ ಎಂದು ಇನ್ನೊಬ್ಬರು ಹೆದರಿಸಿದರು. ಆ-ಮಾನ್ ಒಂದು ಅನಾನಸ್ ಬಿಸ್ಕತ್ತು ಬಿಚ್ಚಿ ಮಾವನ ಸೀಟಿನ ಮೇಲಿಟ್ಟಳು.

ಊರು ತೋರಿಸುವ ಹುಡುಗಿ ಮಿಸ್ ಶಾವ್ ಹಳದಿ ಬಾವುಟ ಹಿಡಿದು ಮೈಕಿನಲ್ಲಿ ಶುರುಮಾಡಿದಳು. ಎಡಗಡೆ ಪಶ್ಚಿಮ ಕಟ್ಟೆ, ಇಷ್ಟು ಉದ್ದ, ಇಷ್ಟು ಆಳ. ಪಾಠ ಒಪ್ಪಿಸುವ ದನಿ. ಅದರ ಕೆಳಗೇ, ನೆಲಮಾಳಿಗೆಯಿಂದ ಬಂದಂತೆ, ಆ-ಕುನ್‌ನ ಗೊಣಗು.

"ಮಾವ, ಎಡಕ್ಕೆ ತಿರುಗ್ತಾ ಇದೀವಿ, ಗಟ್ಟಿಯಾಗಿ ಹಿಡ್ಕೊಳ್ಳಿ. ನೋಡಿ, ನೀವು ಸಕ್ಕರೆ ಮೂಟೆ ಸಮೇತ ನೀರಿಗೆ ಬಿದ್ದ ಕಟ್ಟೆ. ಆವತ್ತು ಮೀನೆಲ್ಲ ಸಿಹಿಯಾಗಿದ್ವು ಅಂತಿದ್ರಲ್ಲ. ಮಾವ, ಸೇತುವೆ ಬಂತು, ದಾಟೋಣ ಬನ್ನಿ. ಮಾವ, ಇದೇ ಅಂಗಡಿ. ಅತ್ತೆಗೆ ಉಪವಾಸ ಅಂತ ಹೇಳಿ ಇಲ್ಲಿ ಹಾವುಮೀನಿನ ಸಾರು ಕುಡೀತಿದ್ರಿ."

ಹಿಂದಿನ ಸಾಲಿನವರು ಕತ್ತು ಚಾಚಿದರು. ಮುಂದಿನ ಸಾಲಿನವರು ತಿರುಗಿ ಕೂತರು. ಕಟ್ಟೆ ಎಷ್ಟು ಆಳ ಎಂದು ಯಾರಿಗೂ ಬೇಕಿರಲಿಲ್ಲ. ಉಪವಾಸದ ಸಂಗತಿ ಅತ್ತೆಗೆ ಗೊತ್ತಾಯಿತೇ ಎಂದು ಎಲ್ಲರಿಗೂ ಬೇಕಿತ್ತು. ಮೀನುಗಾರರ ಧಕ್ಕೆಯ ಬಣ್ಣದ ಮನೆಗಳ ಮುಂದೆ ಬಸ್ಸು ನಿಂತಾಗ ಬಾವುಟದ ಹಿಂದೆ ಒಬ್ಬರೂ ಹೋಗಲಿಲ್ಲ. ಎಲ್ಲರೂ ಕಪ್ಪು ಛತ್ರಿಯ ಹಿಂದೆ, ತಾಯಿಕೋಳಿಯ ಹಿಂದೆ ಮರಿಗಳು ಹೋದಂತೆ ಹೋದರು.

ಮತ್ತೆ ಬಸ್ಸು ಹತ್ತಿದ ಮೇಲೆ ಮಿಸ್ ಶಾವ್ ಬಂದು ಮೈಕನ್ನು ಅವನ ಮಡಿಲಿಗೆ ಹಾಕಿದಳು. "ನೀವೇ ಹೇಳಿಬಿಡಿ ಸಾರ್. ನನ್ನ ಗಂಟಲಾದ್ರೂ ಉಳಿಯಲಿ."

ಆ-ಕುನ್ ಹುಟ್ಟಿದ್ದು ಮೊದಲ್ಗೊಂಡು ಯಾರೂ ಅವನ ಮಾತನ್ನು ಕೊನೆಯವರೆಗೆ ಕೇಳಿರಲಿಲ್ಲ. ಮೈಕು ಕೈಗೆ ಬಂದಾಗ ಮೊದಲು ಅದನ್ನು ತಲೆಕೆಳಗಾಗಿ ಹಿಡಿದ. ಆಮೇಲೆ ಹಡಗಿನಲ್ಲಿ ಸರ್ಕಸ್ಸಿನ ಆನೆ ಬಂದ ಕತೆ ನೆನಪಾಯಿತು. ಆನೆ ಕಟ್ಟೆಯ ಮೇಲೆ ಕೂತು ಏಳಲೊಲ್ಲದು. ಬಂದರಿನ ಅಧಿಕಾರಿಗಳೆಲ್ಲ ಬೇಡಿಕೊಂಡರೂ ಏಳಲೊಲ್ಲದು. ಆಗ ಮಾವ ತನ್ನ ಬುತ್ತಿಯ ಸಿಹಿಗೆಣಸು ತೋರಿಸಿ, ಹಿಂದೆ ಹಿಂದೆ ನಡೆಯುತ್ತ ಅದನ್ನು ರೈಲ್ವೆ ನಿಲ್ದಾಣದವರೆಗೆ ಒಯ್ದನಂತೆ. ಆನೆ ಅವನನ್ನು ಬಿಟ್ಟು ರೈಲು ಹತ್ತಲು ಒಪ್ಪಲಿಲ್ಲವಂತೆ. ಆ-ಕುನ್ ಆನೆಯೂ ಆದ, ಮಾವನೂ ಆದ, ಅಧಿಕಾರಿಯೂ ಆದ. ಬಸ್ಸು ಬಿದ್ದು ಬಿದ್ದು ನಕ್ಕಿತು. ಅಷ್ಟರಲ್ಲಿ ಆ-ಮಾನ್ ಅವನ ತೋಳು ತಟ್ಟಿದಳು.

"ತಮ್ಮಾ, ಕಾಲುವೆ ಸೇತುವೆಗೆ ಕರೆದೆಯಾ?"

ಕತೆಯ ಭರದಲ್ಲಿ ಕರೆದಿರಲಿಲ್ಲ. ಕೀಲುಂಗಿನ ಕಾಲುವೆಗೆ ಒಂದೇ ಸೇತುವೆಯಾಗಿದ್ದರೆ ಹೇಗೋ ಆಗುತ್ತಿತ್ತು. ಅಲ್ಲಿ ಸಾಲುಸಾಲು ಸೇತುವೆಗಳು, ಹುಟ್ಟಿದ ವರ್ಷಕ್ಕೊಂದು ಪ್ರಾಣಿ ಎಂಬ ಲೆಕ್ಕದಲ್ಲಿ ಇಲಿ, ಎತ್ತು, ಹುಲಿ, ಮೊಲ ಎಂದು ಹೆಸರು ಹೊತ್ತು ನಿಂತಿವೆ. ಬಸ್ಸು ಬಟ್ಟೆ ಹೊಲಿಯುವ ಸೂಜಿಯ ಹಾಗೆ ಅತ್ತಿಂದಿತ್ತ, ಇತ್ತಿಂದತ್ತ ದಾಟಿ ಬಂದಿತ್ತು. ಮಾವ ಯಾವುದರ ಬುಡದಲ್ಲಿ ಉಳಿದ? ಕತೆಯಲ್ಲಿ ಆನೆ ಕೂತಾಗ ಮೊಲದ ಸೇತುವೆ ಎಂದರು ಕೆಲವರು. ಆನೆ ಎದ್ದಾಗಲೇ ಹುಲಿ ಸೇತುವೆ ದಾಟಿಯಾಗಿತ್ತು ಎಂದರು ಉಳಿದವರು. ಎರಡು ಪಂಗಡವಾಗಿ ಜಗಳ ನಡೆದಿರುವಾಗಲೇ ಆ-ಕುನ್ ಛತ್ರಿಯೊಡನೆ ಕೆಳಗಿಳಿದ. ಮಿಸ್ ಶಾವ್ ಮೈಕನ್ನು ಮರಳಿ ಪಡೆದು, ಬಲಗಡೆ ನೋಡಿ ಎಂದಳು.

ಆ-ಕುನ್ ಎಡವುತ್ತ ಓಡಿದ. ಮರದ ತುಂಡುಗಳಿರಲಿಲ್ಲ, ಎರಡು ನಾಣ್ಯಗಳನ್ನೇ ಚೆಲ್ಲಬೇಕು. ಹುಲಿ ಸೇತುವೆಯಲ್ಲಿ ಮಂಡಿಯೂರಿ, ಮಾವ ಇದ್ದೀರಾ ಎಂದು ಕೇಳಿದ. ಬೋರಲು. ಮೊಲದ ಸೇತುವೆಯಲ್ಲಿ ಬೋರಲು. ಮಾವ ಹುಟ್ಟಿದ್ದು ಕುದುರೆ ವರ್ಷದಲ್ಲಿ, ಅಭಿಮಾನಕ್ಕಾದರೂ ಅಲ್ಲಿ ನಿಂತಿರಬಹುದು ಎಂದು ಕುದುರೆಯತ್ತ ಧಾವಿಸಿದ. ಅಲ್ಲಿ ನಾಣ್ಯಗಳೆರಡೂ ಅಂಗಾತ. ಯಾರೋ ನಕ್ಕಿದ್ದರು.

ಸೇತುವೆಯ ಕೆಳಗೆ ಗಾಳ ಬಿಟ್ಟು ಕೂತಿದ್ದವನೊಬ್ಬ ತಲೆಯೆತ್ತಿ, ಏನಾದರೂ ಬಿತ್ತೇ ಎಂದು ಕೇಳಿದ.

"ಬೋರಲು, ಬೋರಲು, ಈಗ ಅಂಗಾತ."

"ನಂಗೂ ಬೆಳಗ್ಗೆಯಿಂದ ಹಿಂಗೇ," ಎಂದು ಅವನು ಮತ್ತೆ ನೀರು ನೋಡತೊಡಗಿದ. ಆ ಸುಖದ ಬೆನ್ನನ್ನು ಕಂಡು ಆ-ಕುನ್‌ಗೆ ಅಳು ಬಂತು.

ಹೊತ್ತು ಇಳಿಯಿತು. ಕೊನೆಯ ಸೇತುವೆ ಹಂದಿಯದು. ಆ-ಕುನ್‌ನ ಮಂಡಿಚಿಪ್ಪು ಕೆಂಪಗಾಗಿತ್ತು, ಬಾಯಿ ಒಣಗಿತ್ತು. "ಮಾವ, ಎಲ್ಲಿದ್ರೂ ಬನ್ನಿ. ನನ್ನದು ತಪ್ಪಾಯ್ತು. ನೀವು ಬದುಕಿದ್ದಾಗ ಒಂದಿನಾನೂ ತಲೆಯೆತ್ತಿ ಮಾತಾಡಿಸಲಿಲ್ಲ. ಮನೇಲಿ ಬಿಸಿ ಸಾರಿದೆ, ಹೋಗೋಣ ಬನ್ನಿ," ಎಂದು ನಾಣ್ಯ ಚೆಲ್ಲಿದ.

ಒಂದು ಅಂಗಾತ. ಒಂದು ಬೋರಲು.

ಮುಂದಿನ ದಾರಿಯಲ್ಲಿ ಅವನು ಒಂದು ಕಲ್ಲನ್ನೂ ಹೇಳದೆ ಬಿಡಲಿಲ್ಲ. ಇಲ್ಲಿ ಗುಂಡಿಯಿದೆ ನೋಡಿಕೊಳ್ಳಿ, ಇದು ಮೀನಿನ ಉಂಡೆ ಕರಿಯುವ ಅಂಗಡಿ, ವಾಸನೆ ಬರ್ತಿದೆಯಾ, ಈ ಹೆಂಗಸು ಸಾಲ ಕೊಡಲ್ಲ, ಆ ನಾಯಿ ಬೊಗಳುತ್ತೆ ಅಷ್ಟೇ. ಎದೆಯ ಮೇಲಿನ ಚೀಲ ಬೆಚ್ಚಗಾದಂತೆ ಅವನಿಗೆ ಅನಿಸಿತು. ಇಷ್ಟು ಗಮನಕೊಟ್ಟು ಕೇಳುವ ಮಾವನನ್ನು ಅವನು ಎಂದೂ ಕಂಡಿರಲಿಲ್ಲ.

ಹೊಸ್ತಿಲಲ್ಲಿ ಪಾವ್-ಗ್ವೇ ಮತ್ತು ಲಾಯ್ ಅಜ್ಜಿ ಮೊಳಕೆಕಾಳಿನ ಬಾಲ ಚಿವುಟುತ್ತ ಕೂತಿದ್ದರು. ಆ-ಕುನ್ ಛತ್ರಿ ಓರೆಮಾಡಿ, ಗಂಭೀರವಾಗಿ, "ಮಾವ, ಮನೆ ಬಂತು. ಹೊಸ್ತಿಲು ದಾಟಿ," ಎಂದ.

ಪಾವ್-ಗ್ವೇ ಕಾಳು ಬಿಟ್ಟು ನೋಡಿದಳು. "ಯಾರನ್ನ ಕರೀತಿದ್ದೀರಿ? ಅಪ್ಪ ಮಧ್ಯಾಹ್ನವೇ ಬಂದಾಯ್ತು."

ಊಟದ ಹೊತ್ತಿಗೆ ಪೀಠದ ಮುಂದೆ ಅನ್ನವಿಟ್ಟು ಸುಮ್ಮನೆ ಕೇಳಿದ್ದಳಂತೆ. ತುಂಡು ಚೆಲ್ಲಿದ ಮೂರು ಸಲವೂ ಬಂದಿದ್ದೇನೆ ಎಂದು ಅಪ್ಪ ಹೇಳಿದ್ದನಂತೆ.

ಸೇತುವೆಯಲ್ಲಿ ಕರೆಯಲು ಮರೆತದ್ದನ್ನು ಆ-ಕುನ್ ಒಪ್ಪಿಕೊಂಡ ಮೇಲೆ ಲಾಯ್ ಅಜ್ಜಿ ವಿವರಿಸಿದಳು. ಕರೆಯದಿದ್ದರೆ ಸತ್ತವರು ಈಚೆ ದಡದಲ್ಲಿ ಉಳಿಯುತ್ತಾರೆ, ಸರಿ. ಮಾವನ ಮನೆಯೂ ಈಚೆ ದಡದಲ್ಲೇ ಇದೆಯಲ್ಲ. ಅಲ್ಲಿಂದ ನಾಲ್ಕು ಹೆಜ್ಜೆ. ಹುಟ್ಟಿ ಬೆಳೆದವನು ದಾರಿ ತಪ್ಪುತ್ತಾನೆಯೇ?

ಆ-ಕುನ್ ಛತ್ರಿಯೊಡನೆ ಹಾಗೇ ಕುಸಿದು ಕೂತ. ಆದರೆ ಪಾವ್-ಗ್ವೇ ಆಗಲೇ ಊದುಬತ್ತಿ ಹಚ್ಚಿ ಮರದ ತುಂಡು ಹಿಡಿದಿದ್ದಳು. ಅಪ್ಪ, ಕೊಟ್ಟ ಮಾತು ತೀರಿತೇ? ಹೌದು. ಊರು ಚೆನ್ನಾಗಿತ್ತೇ? ಹೌದು. ಇನ್ನು ಕನಸಿನಲ್ಲಿ ಬಸ್ಸಿಗೆ ಕಾಯುವುದಿಲ್ಲವಲ್ಲ? ನಗು, ಆಮೇಲೆ ಹೌದು. ಆ-ಕುನ್ ಗಾಳದ ವಿಷಯ ಕೇಳು ಎಂದ. ತುಂಡುಗಳು ಉರುಳಿದವು. ಹೌದು, ಹೌದು, ಮೂರನೆಯ ಸಲವೂ ಹೌದು.

ಆ-ಕುನ್ ಎದ್ದು ಮೂಲೆಯ ಕೋಲನ್ನು ಎತ್ತಿಕೊಂಡು, ಹಸುಗೂಸಿನ ಮೈ ಒರೆಸುವಂತೆ ಧೂಳು ಒರೆಸತೊಡಗಿದ.

"ಅದೆಲ್ಲ ಸರಿ," ಎಂದಳು ಲಾಯ್ ಅಜ್ಜಿ. "ನಿನ್ನ ಎದೆ ಮೇಲಿನ ಚೀಲದಲ್ಲಿ ಯಾರಿದ್ದಾರೆ?"

ಆ-ಕುನ್ ಬಗ್ಗಿ ಚೀಲ ನೋಡಿಕೊಂಡ.

"ಸೇತುವೆ ಮೇಲೆ ಏನಂತ ಕರೆದೆ? ಹೆಸರು, ಬೀದಿ ಹೇಳಿದೆಯಾ?"

"ಮಾವ ಅಂದೆ. ಮನೇಲಿ ಬಿಸಿ ಸಾರಿದೆ, ಬನ್ನಿ ಅಂದೆ."

"ಮಾವ ಅಂದ್ರೆ? ಈ ಊರಲ್ಲಿ ಎಷ್ಟು ಜನ ಮಾವಂದಿರು ಸತ್ತಿಲ್ಲ? ಬಿಸಿ ಸಾರಿದೆ ಅಂತ ಬೇರೆ ಹೇಳಿದ್ದೀಯ. ನಾನಾಗಿದ್ರೂ ಬಂದುಬಿಡ್ತಿದ್ದೆ."

ಬಂದವರನ್ನು ಹೊಸ್ತಿಲಲ್ಲಿ ನಿಲ್ಲಿಸುವಂತಿಲ್ಲ. ಪಾವ್-ಗ್ವೇ ಒಂದು ಬಟ್ಟಲು ಸಾರಿಟ್ಟು ಕೈಮುಗಿದು ವಿಚಾರಿಸಿದಳು. ಈ ಊರಿನವರೇ? ಅಲ್ಲ. ಹಡಗಿನಲ್ಲಿ ಬಂದವರೇ? ಹೌದು. ಮನೆಯವರು ಯಾರಾದರೂ ಹುಡುಕಿಕೊಂಡು ಬಂದಿದ್ದರೇ? ಇಲ್ಲ. ಆ ಬೋರಲು ತುಂಡುಗಳನ್ನು ಅವಳು ಸ್ವಲ್ಪ ಹೊತ್ತು ಹಾಗೇ ಬಿಟ್ಟಳು. ಆಮೇಲೆ, ಊಟ ಮಾಡಿ ಹೊರಡುತ್ತೀರಾ ಎಂದಳು. ಇಲ್ಲ. ಕಾಗದದ ಬಟ್ಟೆ ಬೇಕೇ? ಬೇಡ. ಹೊಸ ಪೀಠ? ಬೇಡ. ಲಾಯ್ ಅಜ್ಜಿ ತನ್ನ ಅಂಗಡಿಯ ಸಾಮಾನನ್ನೆಲ್ಲ ಒಂದೊಂದಾಗಿ ಹೆಸರಿಸಿದಳು. ಯಾವುದೂ ಬೇಡ.

ಕೊನೆಗೆ ಆ-ಕುನ್‌ಗೇ ಹೊಳೆಯಿತು. ಗಾಳದ ಕೋಲು ಕೈಯಲ್ಲಿರುವಂತೆಯೇ ಬಾಗಿ, ಮೆಲ್ಲಗೆ, ತಾನೇ ಕೇಳಿದ. "ನೀವು ಜೊತೆ ಸೇರ್ಕೊಂಡಿದ್ದು ಕೊನೇ ಸೇತುವೇಲಿ. ಬಂದರು, ಕಟ್ಟೆ, ಬಣ್ಣದ ಮನೆಗಳು ನಿಮಗೆ ತಪ್ಪಿಹೋಯ್ತು. ಅದನ್ನ ನೋಡಬೇಕಾ?"

ಪಾವ್-ಗ್ವೇ ತುಂಡು ಚೆಲ್ಲಿದಳು. ಹೌದು. ಮತ್ತೆ ಹೌದು. ಮೂರನೆಯ ಸಲ ಅವು ಬೀಳುವ ಮೊದಲೇ ಆ-ಕುನ್ ಕೋಲನ್ನು ಮೂಲೆಗೆ ಒರಗಿಸಿ, ಹಿಂದೆ ಎಷ್ಟೋ ಸಲ ಆಡಿದ್ದ ಮಾತನ್ನೇ, ಈ ಬಾರಿ ತಲೆಯೆತ್ತಿ ಆಡಿದ. "ಮುಂದಿನ ಭಾನುವಾರ ಕರ್ಕೊಂಡು ಹೋಗ್ತೀನಿ."

ಆ ಭಾನುವಾರ ನಿಜಕ್ಕೂ ಬಂತು. ಗಾಳದವರು ಕಾಲುವೆಯ ಅಂಚಿನಲ್ಲಿ ಸಾಲಾಗಿ ಕೂತಿದ್ದರು. ಬಸ್ಸಿನ ಮಾಳಿಗೆಯ ಮೇಲೆ ಕಪ್ಪು ಛತ್ರಿ ಬಿಚ್ಚಿತು. ಹೊರಡುವ ಮೊದಲು ಲಾಯ್ ಅಜ್ಜಿ ಕೆಳಗಿನಿಂದ ಕೂಗಿ, ಈ ಸಲವಾದರೂ ಹೆಸರು ಹಿಡಿದು ಕರೆ ಎಂದು ಎಚ್ಚರಿಸಿದಳು.

"ಇವರ ಹೆಸರೇ ಗೊತ್ತಿಲ್ಲವಲ್ಲ ಅಜ್ಜಿ. ಏನಂತ ಕರೀಲಿ?"

ಅಜ್ಜಿ ಯೋಚಿಸಿದಳು. ಸತ್ತವರ ಕಾನೂನಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. "ಬನ್ನಿ ಅನ್ನು, ಸಾಕು."

ಹಾಗಾಗಿ ಆ-ಕುನ್ ಪ್ರತಿ ಕಟ್ಟೆ, ಪ್ರತಿ ತಿರುವು, ಪ್ರತಿ ಸೇತುವೆಯಲ್ಲೂ ಬಾಯಿತುಂಬ ಬನ್ನಿ, ಬನ್ನಿ ಎಂದು ಕರೆಯುತ್ತ, ಒಂದನ್ನೂ ಮರೆಯದೆ ಇಡೀ ಊರು ತೋರಿಸಿ ಸಂಜೆಗೆ ಮನೆ ಮುಟ್ಟಿದ. ಪಾವ್-ಗ್ವೇ ತುಂಡು ಚೆಲ್ಲಿ ಕೇಳಿದಳು. ಕೊಟ್ಟ ಮಾತು ತೀರಿತೇ? ಹೌದು. ತೃಪ್ತಿಯಾಯಿತೇ? ಹೌದು. ಇನ್ನು ಹೊರಡುತ್ತೀರಾ? ಹೌದು. ಆ-ಕುನ್ ನೆಮ್ಮದಿಯ ಉಸಿರೆಳೆದು ಕೋಲಿನ ಕಡೆ ಕೈಚಾಚಿದ.

ಲಾಯ್ ಅಜ್ಜಿ ಹೊಸ್ತಿಲಾಚೆ ಕಣ್ಣು ಕಿರಿದಾಗಿಸಿ, ತಲೆ ಎಣಿಸುವವಳಂತೆ ನೋಡಿ, ಪಾವ್-ಗ್ವೇಗೆ ಸಾರಿನ ಪಾತ್ರೆ ದೊಡ್ಡದನ್ನೇ ಇಡು ಎಂದಳು.